ಸೀಮೆಸುಣ್ಣದ ವ್ಯಾನನ್ನು ಅಳಿಸಬೇಡಿ

ರೀ,

ಬೆಳಿಗ್ಗೆ ಎದ್ದರೆ ಹಜಾರವೆಲ್ಲ ಸೀಮೆಸುಣ್ಣದ ವಾಸನೆ. ಚಿಕ್ಕವಳಿದ್ದಾಗ ಅಪ್ಪ ಪಾಠ ಮುಗಿಸಿ ಬಂದು ನನ್ನ ತಲೆ ಸವರಿದರೆ ಇದೇ ವಾಸನೆ ಬರುತ್ತಿತ್ತು.

ಒಲೆ, ಹಾಸಿಗೆ ಸಮೇತ ಅಳತೆ ಹಿಡಿದು ನೀವು ನೆಲದ ಮೇಲೆ ಬರೆದ ಕ್ಯಾಂಪರ್‌ವ್ಯಾನನ್ನು, ಆ ಚಕ್ರದ ಮೇಲಿನ ಮನೆಯನ್ನು, ಅಳಿಸಬೇಡಿ. ಕೆಲಸದವಳಿಗೂ ಇವತ್ತು ಹಜಾರ ಒರೆಸುವುದು ಬೇಡವೆನ್ನಿ.

"ಆ ಗೂಡಲ್ಲಿ ಮೂರು ವಾರ ನನ್ನ ಕೈಲಾಗಲ್ಲ, ಆಲ್ಪ್ಸ್ ನೋಡೋಕೆ ನೀವೊಬ್ರೇ ಹೋಗಿ" ಅಂತ ನಾನು ನಿನ್ನೆ ಅಂದದ್ದು ನಿಜ. "ನೀನು ಬರದಿದ್ರೆ ನಾಳೆನೇ ಬಾಡಿಗೆಯವರಿಗೆ ವ್ಯಾನ್ ಬೇಡ ಅಂದ್ಬಿಡ್ತೀನಿ" ಅಂತ ನೀವು ಮುಖ ಊದಿಸಿಕೊಂಡದ್ದೂ ನಿಜ. ಅವರಿಗೆ ಹಾಗೆ ಹೇಳಬೇಡಿ. ನಾನು ವೀಸಾಕ್ಕೆ ಫೋಟೋ ತೆಗೆಸಲು ಹೋಗಿದ್ದೇನೆ.

ಮಾತ್ರೆ ಮರೆಯಬೇಡಿ. ಮಗಳು ಫೋನ್ ಮಾಡಿ "ನಿಮ್ಮಿಬ್ರ ಜಗಳಕ್ಕೆ ಆ ವ್ಯಾನ್ ಸಾಲಲ್ಲಪ್ಪಾ" ಅಂದರೆ ನಕ್ಕು ಸುಮ್ಮನಾಗಿ. ಅಲ್ಲಿ ಆಲ್ಪ್ಸ್‌ನಲ್ಲಿ ಘಾಟಿ ದಾರಿ ಬಿಟ್ಟು ಸುರಂಗದ ದಾರಿ ಹಿಡಿಯೋಣ. ತಿರುವುಗಳಲ್ಲಿ ನನ್ನ ಹೊಟ್ಟೆ ತೊಳಸುತ್ತದೆ.

ಹಾಸಿಗೆಯಲ್ಲಿ ಕಿಟಕಿಯ ಬದಿಯನ್ನು ನನಗೇ ಬಿಟ್ಟಿದ್ದೀರಿ, ನೋಡಿದೆ. ಬಾಗಿಲ ಗೆರೆಯ ಮುಂದೆ ನನ್ನ ಮಂಡಿನೋವಿಗೆಂದು ಮಣೆ ಇಟ್ಟದ್ದನ್ನೂ ನೋಡಿದೆ.

ಆದರೂ ಮನಸ್ಸು ಪೂರ್ತಿ ಕರಗಿದ್ದು ನಿನ್ನೆ ಊಟದ ಹೊತ್ತಿಗೆ. ಪರೀಕ್ಷೆಗೆಂದು ನನ್ನನ್ನು ಗೆರೆಯೊಳಗೇ ಕೂರಿಸಿದ್ದಿರಿ. ಇಬ್ಬರಿಗೂ ಮಾತಿಲ್ಲ. ನಮ್ಮ ಅಡುಗೆಮನೆಯಾಗಿದ್ದರೆ ಯಾರಾದರೊಬ್ಬರು ಸೋತು ಎದ್ದು ಬರಬೇಕಿತ್ತು. ನೀವು ಒಲೆಯ ಗೆರೆಯ ಬಳಿ ಕೂತಲ್ಲಿಂದಲೇ ಕೈ ಚಾಚಿ ಬಿಸಿ ಊಟದ ತಟ್ಟೆಯನ್ನು ನನ್ನ ಕೈಗಿಟ್ಟಿರಿ.