ಎಂಟು ಸುತ್ತು, ಆರು ಮಿಲಿಮೀಟರ್

ಮಾರ್ಚ್ ೧೧

ಅಕ್ಕ,

‘ಇಲ್ಲದ ರೋಗಿಗೆ ಇಲ್ಲದ ಮಿಷನ್ನಲ್ಲಿ ಫೋಟೋ ತೆಗೀತೀಯ, ಅದಕ್ಕೆ ಸಂಬಳ ಬೇರೆ’ ಎಂದೇನೋ ಅಂದಿದ್ದೆ ನೀನು, ಭಾವ ಇನ್ನೂ ಇದ್ದಾಗ. ಮಾತು ಪೂರ್ತಿ ನೆನಪಿಲ್ಲ. ಭಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದು ನೆನಪಿದೆ. ಹೇಗಿದ್ದೀಯ? ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ಕೆಲಸ ಹೆಚ್ಚಿತ್ತು ಎಂದು ಬರೆದರೆ ನೀನು ನಂಬುತ್ತೀಯ, ಆದ್ದರಿಂದ ಬರೆಯುವುದಿಲ್ಲ. ಮೂರು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡಿಸಿ ಎಂದು ಡಾಕ್ಟರು ಹೇಳಿದ್ದರೂ ಭಾವ ಯಾಕೆ ಹೋಗಲಿಲ್ಲ, ನಿನ್ನ ಹತ್ತಿರ ಏನಾದರೂ ಅಂದಿದ್ದರಾ ಎಂದು ಅದರಲ್ಲಿ ನೀನು ಕೇಳಿದ್ದೆ. ಅದಕ್ಕೆ ಬರುತ್ತೇನೆ. ಮೊದಲು ಇಲ್ಲಿಯ ಸುದ್ದಿ.

ನೀನು ಅಂದದ್ದು ನಿಜವೇ. ಮೈಯೊಳಗಿನ ಗಡ್ಡೆ ಹುಡುಕುವ ನಮ್ಮ ಪೆಟ್ ಸ್ಕ್ಯಾನರ್ ಇನ್ನೂ ತಯಾರಾಗಿಲ್ಲ, ಕಂಪ್ಯೂಟರಿನೊಳಗೆ ಮಾತ್ರ ಇದೆ. ಅದರಲ್ಲಿ ಮಲಗುವ ಮನುಷ್ಯನೂ ಲೆಕ್ಕದಿಂದ ಹುಟ್ಟಿದವನು. ಅವನ ಮೈಯಲ್ಲಿ ಗಡ್ಡೆಗಳನ್ನು ಇಡುವವನು ನಾನೇ. ವಿಕಿರಣದ ಮದ್ದು ಚುಚ್ಚಿದ ಮೈಯಿಂದ ಹೊರಟ ಕಿರಣಗಳ ಎಣಿಕೆಯಷ್ಟೇ ಯಂತ್ರಕ್ಕೆ ಸಿಗುವುದು. ಅದರಿಂದ ಚಿತ್ರ ಕಟ್ಟಬೇಕು. ಮೊದಲು ಒಂದು ಅಂದಾಜು, ಅದನ್ನು ತಿದ್ದುವ ಒಂದು ಸುತ್ತು, ಮತ್ತೆ ತಿದ್ದುವ ಇನ್ನೊಂದು ಸುತ್ತು. ಸುತ್ತು ಕಡಿಮೆಯಾದರೆ ಎಲ್ಲ ಮಸುಕು. ಹೆಚ್ಚಾದರೆ ಮರಳು ಎರಚಿದ ಹಾಗೆ ಚಿತ್ರದ ತುಂಬ ಚುಕ್ಕೆ. ಆ ಚುಕ್ಕೆಗಳಿಗೆ ನಾವು ಗದ್ದಲ ಅನ್ನುತ್ತೇವೆ. ಅದನ್ನು ಅಡಗಿಸಲು ಮೇಲೊಂದು ನಯ ಮಾಡುವ ಫಿಲ್ಟರ್. ಎಷ್ಟು ಸುತ್ತು, ಎಷ್ಟು ನಯ ಎಂಬ ಎರಡು ಅಂಕಿ ಆರಿಸುವುದರಲ್ಲಿ ನನಗೆ ಇಪ್ಪತ್ತೆರಡು ವರ್ಷದ ಅನುಭವ.

ಇಲ್ಲದ ರೋಗಿಯ ಅನುಕೂಲವೆಂದರೆ ಸತ್ಯ ಒಂದು ಫೈಲಿನಲ್ಲಿ ಇರುತ್ತದೆ. ಅದನ್ನು ತೆರೆದು ಚಿತ್ರದ ಪಕ್ಕ ಇಟ್ಟುಕೊಂಡು, ಎರಡೂ ಹೆಚ್ಚು ಹೋಲುವ ಸುತ್ತಿನಲ್ಲಿ ನಿಲ್ಲಿಸುತ್ತೇನೆ. ಹೀಗೆ ನಿಲ್ಲಿಸುವುದನ್ನೇ ಅನುಭವ ಎಂದುಕೊಂಡಿದ್ದೆ.

ನಮ್ಮ ಮುಖ್ಯಸ್ಥರಿಗೆ ನಯವೆಂದರೆ ಪ್ರಾಣ. ತಿಂಡಿ ತಿಂದ ಬೆರಳನ್ನೇ ನನ್ನ ಪರದೆಯ ಮೇಲೆ ಆಡಿಸುತ್ತಾರೆ. ಅವರು ಬಿಟ್ಟುಹೋದ ಎಣ್ಣೆ ಗುರುತು ವಾರದಿಂದ ಹಾಗೇ ಇದೆ, ಒರೆಸಲೂ ಹೇಸಿಗೆ. “ಎಂಟು ಸುತ್ತು, ಆರು ಮಿಲಿಮೀಟರ್ ನಯ. ಆಹಾ, ಬೆಣ್ಣೆ ಕಣ್ರೀ! ಇದನ್ನೇ ವರದಿಗೆ ಹಾಕಿ” ಎಂದರು. ಐದು ಮಿಲಿಮೀಟರಿನ ಗಡ್ಡೆ ಇದರಲ್ಲಿ ಕಾಣುವುದಿಲ್ಲವಲ್ಲ ಎಂದೆ. “ಯಾಕೆ ಕಾಣಲ್ಲ? ಇಲ್ಲಿ ನೋಡಿ” ಎಂದು ಬೆರಳಿಟ್ಟರು. ನೋಡಿದೆ. ಕಂಡಿತು. ಅಲ್ಲಿ ಇಟ್ಟವನು ನಾನಾದ್ದರಿಂದ ಕಂಡಿತು.

ಪಕ್ಕದ ಮೇಜಿನಲ್ಲಿ ಸಂಖ್ಯಾಶಾಸ್ತ್ರದವಳೊಬ್ಬಳಿದ್ದಾಳೆ, ಹೆಚ್ಚುಕಡಿಮೆ ನನ್ನದೇ ವಯಸ್ಸು. ಅವಳನ್ನು ನಾವೆಲ್ಲ ಇಲಾಖೆಯ ಅತ್ತೆ ಅನ್ನುವುದು ಅವಳಿಗೂ ಗೊತ್ತು. “ಉತ್ತರ ಪಕ್ಕದಲ್ಲಿಟ್ಕೊಂಡು ಪರೀಕ್ಷೆ ಬರೀತಿದ್ದೀರಲ್ರೀ, ನಾಚ್ಕೆ ಆಗಲ್ವಾ? ತಾಳಿ, ಒಬ್ಬನ್ನ ನಾನು ಕಳಿಸ್ತೀನಿ” ಎಂದಳು. ಮಾರನೆಯ ದಿನ ಅವಳೇ ಒಬ್ಬ ರೋಗಿಯನ್ನು ತಯಾರಿಸಿ ಎಣಿಕೆಯನ್ನು ಮಾತ್ರ ಕೊಟ್ಟಳು. ಎಂಟು ಸುತ್ತು ಹಾಕಿದೆ. ಎಡ ಶ್ವಾಸಕೋಶದ ಕೆಳಭಾಗದಲ್ಲಿ ಒಂದು ಚುಕ್ಕೆ. ಅಂಥವು ಸುತ್ತಲೂ ಹತ್ತಾರಿದ್ದವು. ಆರು ಮಿಲಿಮೀಟರ್ ನಯ ಕೊಟ್ಟೆ. ಎಲ್ಲ ಹೋದವು.

“ಏನೂ ಇಲ್ಲ. ಗುಂಡುಕಲ್ಲಿನ ಹಾಗಿದ್ದಾನೆ” ಎಂದೆ.

“ಒಂದಿತ್ತು. ನೀವು ತೊಳೆದುಬಿಟ್ರಿ.”

“ಅದು ಗದ್ದಲದ ಥರಾನೇ ಇತ್ತಲ್ಲ.”

“ಮತ್ತೆ ಗಡ್ಡೆ ಏನು ಕತ್ತಿಗೆ ಬೋರ್ಡ್ ಹಾಕ್ಕೊಂಡು ಬರುತ್ತೇನ್ರೀ?”

ಮುಖ್ಯಸ್ಥರಿಗೆ ತೋರಿಸಿದೆವು. “ಸತ್ತೋನು ಯಾರೂ ಇಲ್ವಲ್ಲ, ಕಂಪ್ಯೂಟರ್ ತಾನೆ” ಎಂದು ಹಲ್ಲು ಕಿರಿದರು. ಐದು ಮಿಲಿಮೀಟರಿನ ಗಡ್ಡೆಯ ಸಾಲನ್ನು ವರದಿಯ ಪಟ್ಟಿಯಿಂದಲೇ ತೆಗೆಸಿದರು. ಅವಳು ಸಹಿ ಹಾಕಲಿಲ್ಲ. ನಾನು ಹಾಕಿದೆ. ಸಹಿ ಎಂದಿಗಿಂತ ದುಂಡಗೆ ಬಂತು, ನೋಡಿ ಅಸಹ್ಯವಾಯಿತು. ಕೈ ತೊಳೆಯಲು ಹೋದರೆ ಬೇಸಿನ್ನಿನಲ್ಲಿ ಯಾರದೋ ಕೂದಲು, ಚಹಾದ ಚರಟ, ಉಗುಳು. ಅದರ ಮೇಲೆ ಕನ್ನಡಿಯಲ್ಲಿ ನಾನು. ಕೈ ತೊಳೆಯದೆ ತಿರುಗಿದೆ. ಹೇಸಿಗೆ ಯಾವುದಕ್ಕೆಂದು ವಿಂಗಡಿಸುವ ಗೋಜಿಗೆ ಹೋಗಲಿಲ್ಲ. ವಾಪಸು ಬಂದು ಕೂತಾಗ ಅತ್ತೆ ತನ್ನ ಕುರ್ಚಿಯನ್ನು ಒಂದು ಗೇಣು ಆಚೆಗೆ ಸರಿಸಿಕೊಂಡಳು.

ನಿನ್ನ ಮಂಡಿ ನೋವು ಹೇಗಿದೆ? ಸುಮ್ಮನೆ ಮೆಟ್ಟಿಲು ಹತ್ತಿ ಇಳಿದು ಮಾಡಬೇಡ. ಮಗಳು ಕೆಲಸಕ್ಕೆ ಸೇರಿದಳೆಂದು ಬರೆದಿದ್ದೆ. ಮಾವನ ಆಶೀರ್ವಾದ ಹೇಳು, ಅವಳ ಕೈಗೆ ಒಳ್ಳೆಯ ಕೆಲಸವೇ ಬರಲಿ. ನಿನ್ನ ಆಶೀರ್ವಾದವನ್ನು ನಾನು ಪ್ರತಿ ಕಾಗದದಲ್ಲೂ ಕೇಳುತ್ತಿದ್ದೆ. ಈ ಸಲ ಕೇಳುವುದಿಲ್ಲ.

ನಿನ್ನ ತಮ್ಮ

ತಾ. ಕ.: ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಭಾವ ತಮ್ಮ ಸ್ಕ್ಯಾನಿನ ಸಿ.ಡಿ.ಯನ್ನು ನನಗೆ ತಂದು ತೋರಿಸಿದ್ದರು, ನಿನಗೆ ಗಾಬರಿಯಾದೀತೆಂದು ಹೇಳದೆ. ಡಾಕ್ಟರು ಅನುಮಾನಪಟ್ಟ ಚುಕ್ಕೆ ಅದರಲ್ಲಿತ್ತು. ಆ ಒರಟು ಚಿತ್ರ ನನ್ನ ಕಣ್ಣಿಗೆ ಹಿಡಿಸಲಿಲ್ಲ. ನಯ ಮಾಡಿದೆ. “ಗದ್ದಲ ಅಷ್ಟೇ ಭಾವ, ಇದಕ್ಕೋಸ್ಕರ ಇನ್ನೊಂದ್ಸಲ ಸೂಜಿ ಚುಚ್ಚಿಸ್ಕೋಬೇಡಿ” ಎಂದೆ. ಮೂರು ತಿಂಗಳಾದ ಮೇಲೆ ಫೋನ್ ಮಾಡಿದ್ದರು: “ಆಸ್ಪತ್ರೆ ಗೇಟಿನವರೆಗೂ ಹೋಗಿದ್ದೆ ಕಣಯ್ಯ. ನೀನು ಅಂದಿದ್ದು ಜ್ಞಾಪಕ ಬಂತು, ತಿರುಗಿ ಬಂದೆ.” ಒಳ್ಳೇದಾಯ್ತು ಬಿಡಿ ಎಂದೆ. ಒಂದು ವರ್ಷದಿಂದ ನೀನು ಅವರನ್ನು ಸೋಮಾರಿ, ಹಟಮಾರಿ ಎಂದು ಬೈಯುತ್ತಿದ್ದೀಯ. ನಾನು ಪಕ್ಕದಲ್ಲಿ ಕೂತು ಹೂಂಗುಟ್ಟಿದ್ದೇನೆ. ಇನ್ನು ಅವರನ್ನು ಬೈಯಬೇಡ.

ಭಾವ, ಆ ಗೇಟಿನ ಹತ್ತಿರ ನಿಂತಿದ್ದಾಗ ನಿಮಗೆ ನೋವಿತ್ತಾ?