ಮೂರು ವರ್ಷ ಮುಂದಿನ ಸಿನಿಮಾ

ಪ್ರೀತಿಯ ಅಣ್ಣ ಡೆಸ್ಮಂಡ್‌ಗೆ,

ಸ್ಯಾನ್ ಡಿಯಾಗೋ ಕಾಮಿಕ್ ಮೇಳದ ಸರತಿಯಲ್ಲಿ ಈ ಸಲವೂ ಅಭ್ಯಾಸಬಲದಿಂದ ಎರಡು ಮಡಿಸುವ ಕುರ್ಚಿ ಹಾಕಿದ್ದೆ. ಹಿಂದಿದ್ದ ಮುಖವಾಡದವನು, "ಅಕ್ಕಾ, ಇಲ್ಲಿ ಕಣ್ಣಿಗೆ ಕಾಣದ ಹೀರೋ ಕೂತಿದಾನಾ?" ಎಂದು ಕೆಣಕಿದ. "ನಮ್ಮಣ್ಣ. ಕಾಫಿ ತರೋಕೆ ಹೋಗಿದಾನೆ" ಎಂದುಬಿಟ್ಟೆ.

ಒಳಗೆ, ಮೂರು ವರ್ಷದ ನಂತರ ಬರುವ ಸಿನಿಮಾದ ಹೆಸರು, ಬಿಡುಗಡೆಯ ದಿನಾಂಕ ಇಷ್ಟನ್ನೇ ತೋರಿಸಿದರು. ನೀನಿದ್ದಿದ್ದರೆ, "ಕಥೆ ಬರೆಯೋಕೆ ಮುಂಚೆನೇ ಚಪ್ಪಾಳೆ ಬೇಕಂತೆ ಇವರಿಗೆ!" ಎನ್ನುತ್ತಿದ್ದೆ. ಎಲ್ಲರಂತೆ ನಾನೂ ಕಿರುಚಿದೆ. ಆಮೇಲೆ ಪರದೆಯ ಮೇಲಿನ ದಿನಾಂಕ ನೋಡುತ್ತ ಕೂರಲಾಗದೆ ಎದ್ದು ಬಂದೆ.

ಶಸ್ತ್ರಚಿಕಿತ್ಸೆಯಿಲ್ಲದೆ ನಿನ್ನ ಹೃದಯ ಅಷ್ಟು ದಿನ ತಡೆಯದು ಎಂದಿದ್ದಾರೆ ಡಾಕ್ಟರು. ಬೇಡವೆಂಬ ನಿನ್ನ ಮಾತನ್ನು ಗೌರವಿಸಬೇಕೋ, ಜಗಳವಾಡಬೇಕೋ ತಿಳಿಯದೆ ಒದ್ದಾಡುತ್ತಿದ್ದೇನೆ. ಸೋಮವಾರ ಅವರಿಗೆ ಫೋನ್ ಮಾಡಿ ಒಪ್ಪಿಕೋ. ಆ ಸಿನಿಮಾ ಖಂಡಿತ ಕೆಟ್ಟದಾಗಿರುತ್ತದೆ. ಬೈಯಲು ನೀನು ಪಕ್ಕದಲ್ಲಿರಬೇಕು.

ನಿನ್ನ ಫೋನಿಗೆ ಕಾಯುತ್ತಿರುವ ತಂಗಿ,
ರೋವೀನಾ