ಕಾಗೆಬಂಡೆಯ ಮೇಲೆ ಕೊಯುಕಿ

ನವೆಂಬರ್ ೧೭. ಬೆಳಿಗ್ಗೆ.

ಗಂಜಿ ಮತ್ತೆ ತಳ ಹಿಡಿಯಿತು. ಹಂದಿಮೂಳೆ, ನುಚ್ಚಕ್ಕಿ, ಮೂಲಂಗಿ ಸೊಪ್ಪು. ಎರಡು ನಾಯಿ, ಎರಡು ಬೋಗುಣಿ. ಕೊಯುಕಿ ಮೊದಲು, ತೆಟ್ಸು ಆಮೇಲೆ. ಈ ಕ್ರಮ ತಪ್ಪಿದರೆ ತೆಟ್ಸುವಿನ ಕಿವಿಗೆ ಕೇಡು. ಆದರೆ ಕೊಯುಕಿ ತನ್ನ ಬೋಗುಣಿಯ ತಳದಲ್ಲಿ ಒಂದಿಷ್ಟು ಬಿಟ್ಟೇ ಏಳುತ್ತಾಳೆ. ಅವನು ನೆಕ್ಕುವುದನ್ನು ಕೂತು ನೋಡುತ್ತಾಳೆ. "ಥೇಟ್ ನಮ್ಮತ್ತೆ," ಅನ್ನುತ್ತಾಳೆ ನನ್ನ ಹೆಂಡತಿ ಫುಮಿಯೆ.

ಕೊಯುಕಿಯ ತೊಡೆ ಸವರಿ ನೋಡಿದೆ. ಹೋದ ಚಳಿಗಾಲದ ಗಾಯ, ಹಂದಿಯ ಕೋರೆಯದು. ಗೇಣುದ್ದ. ಕಾಡಿನಲ್ಲೇ ಮೀನುದಾರದಿಂದ ನಾನೇ ಹೊಲಿದದ್ದು. ಬಿಳಿ ಕೂದಲು ಮತ್ತೆ ಬಂದಿದೆ. ಮುಟ್ಟಿದರೆ ಚರ್ಮ ಈಗಲೂ ನಡುಗುತ್ತದೆ.

ನಾಳೆ ಈ ವರ್ಷದ ಮೊದಲ ಬೇಟೆ.

ನವೆಂಬರ್ ೧೮. ಸಂಜೆ.

ಏನೂ ಸಿಗಲಿಲ್ಲ. ಅಲ್ಲ — ಸಿಕ್ಕಿದ್ದು ಬೇರೆ.

ಕೊಯುಕಿಯ ಕಾಲರಿನ ಚುಕ್ಕೆ ಫೋನಿನ ನಕ್ಷೆಯಲ್ಲಿ ಕಾಗೆಬಂಡೆಯ ಮೇಲೆ ನಿಂತುಬಿಟ್ಟಿತು. ಸದ್ದಿಲ್ಲ. ನಮ್ಮ ಕಡೆಯ ಬಿಳಿನಾಯಿಗಳು ಹಂದಿ ಹಿಡಿದಾಗ ಬೊಗಳುವುದಿಲ್ಲ, ಬಾಯಿ ತುಂಬ ಹಂದಿ ಇರುತ್ತದಲ್ಲ. ಚುಕ್ಕೆ ನಿಂತರೆ ಹಿಡಿದಿದೆ ಎಂದೇ ಲೆಕ್ಕ. ಮೂವರೂ ಏದುಸಿರು ಬಿಡುತ್ತ ಹತ್ತಿದೆವು — ನಾನು, ಅಂಚೆಯ ಮಿನೊರು, ತಂಡದ ಹಿರಿಯ ಒಕುನಿಶಿ.

ಹಂದಿಯಲ್ಲ. ಕಾಮೊಶಿಕ. ಬೂದುಬಣ್ಣದ ಗಡ್ಡದ ಕಾಡುಮೇಕೆ. ಅದನ್ನು ಕೊಲ್ಲುವುದಿರಲಿ, ಅದರತ್ತ ಕೋವಿ ಎತ್ತುವಂತೆಯೂ ಇಲ್ಲ, ಕಾನೂನು. ಅದರೆದುರು ಒಂದು ಮಾರು ದೂರದಲ್ಲಿ ಕೊಯುಕಿ ಕೂತಿದ್ದಳು. ಅದು ಇವಳನ್ನು ನೋಡುತ್ತಿತ್ತು. ಇವಳು ಅದನ್ನು. ಹೆಣ್ಣು ನೋಡಲು ಬಂದವರ ಹಾಗೆ.

"ಏನಣ್ಣಾ, ನಿನ್ ನಾಯಿ ಮೇಕೆ ಜೊತೆ ಟೀ ಕುಡೀತಾ ಕೂತೈತಲ್ಲ!" ಅಂದ ಮಿನೊರು.

ಒಕುನಿಶಿ ನಗಲಿಲ್ಲ. "ಹಂದಿನಾಯಿ ಹಂದಿಗೇ ಇರ್ಬೇಕು ಏಕಿಚಿ. ಇನ್ನೊಂದ್ಸಲ ಹಿಂಗಾದ್ರೆ ಮನೇಲಿ ಕಟ್ಟಾಕು. ಅದನ್ನ ನಂಬಿ ಬೆಟ್ಟ ಹತ್ತೋಕೆ ನನ್ ಮಂಡಿ ನಿನ್ ನಾಯೀದಲ್ಲ."

ಕಟ್ಟಿಹಾಕಿದ ಬೇಟೆನಾಯಿ ಹೆಚ್ಚು ದಿನ ಬಾಳುವುದಿಲ್ಲ. ಮೂತಿ ಮುಂಗಾಲ ಮೇಲಿಟ್ಟು ಹಾಗೇ ಆರಿಹೋಗುತ್ತದೆ. ನೋಡಿದ್ದೇನೆ.

ಡಿಸೆಂಬರ್ ೩.

ಇವತ್ತು ತೆಟ್ಸುವಿನ ಸರದಿ. ಹಳ್ಳದ ಬದಿ ಚುಕ್ಕೆ ನಿಂತಿತು. ಓಡಿಹೋದರೆ ಬಾಯಲ್ಲಿ ತಾನುಕಿ. ನರಿಯಷ್ಟೇ ಗಾತ್ರದ ಆ ಕಳ್ಳಪ್ರಾಣಿ ನಾಲಿಗೆ ಹೊರಹಾಕಿ ಸತ್ತು ಜೋತಾಡುತ್ತಿತ್ತು. ತೆಟ್ಸು ನನ್ನ ಕಾಲ ಬಳಿ ಇಟ್ಟು ಎದೆಯುಬ್ಬಿಸಿ ನಿಂತ. ಅಷ್ಟರಲ್ಲಿ ಸತ್ತದ್ದು ಎದ್ದು ಓಟ! ಅವನ ಮುಖ ನೋಡಬೇಕಿತ್ತು. ಒಕುನಿಶಿ ಕೂಡ ನಕ್ಕ.

ಗಂಡುನಾಯಿಯ ತಪ್ಪಿಗೆ ನಗೆ. ಕೊಯುಕಿಯ ತಪ್ಪಿಗೆ ಹಗ್ಗ.

ಡಿಸೆಂಬರ್ ೨೪.

ಬರೆಯಬಾರದು ಅಂದುಕೊಂಡಿದ್ದೆ. ಆದರೆ ಯಾರಿಗೆ ಹೇಳಲಿ...

ಇವತ್ತು ಕೊಯುಕಿಯ ಹಿಂದೆಯೇ ಇದ್ದೆ. ಹಂದಿ ಹೊರಳಾಡಿದ ಕೆಸರು ಸಿಕ್ಕಿತು, ಹಸಿ, ಇನ್ನೂ ನೀರು ಜಿನುಗುತ್ತಿತ್ತು. ಮೂಸಿದಳು. ಬೆನ್ನ ಕೂದಲೆದ್ದಿತು. ಬಾಲ ಮಾತ್ರ ಕೆಳಗಿಳಿಯಿತು. ಮೆಲ್ಲಗೆ ಪಕ್ಕಕ್ಕೆ ತಿರುಗಿ ಕಾಗೆಬಂಡೆ ಹತ್ತಿದಳು. ಮೇಕೆ ಅಲ್ಲೇ ಇತ್ತು. ಅದರೆದುರು ಕೂತು, ತಿರುಗಿ ನನ್ನನ್ನು ನೋಡಿದಳು. ಕೆಲಸ ಮಾಡುತ್ತಿದ್ದೇನೆ, ಕಾಣುತ್ತಿಲ್ಲವೇ — ಹಾಗೆ.

ಮೇಕೆಯ ಮೇಲಿನ ಆಸೆಯಲ್ಲ. ಹಂದಿಯ ಭಯ. ತಿರುಗಿ ತಿವಿಯದ ಪ್ರಾಣಿಯೊಂದನ್ನು ಹುಡುಕಿಕೊಂಡಿದ್ದಾಳೆ.

ರೇಡಿಯೋದಲ್ಲಿ ಒಕುನಿಶಿ: "ಏನ್ ಸಿಕ್ತು?"

"ಏನಿಲ್ಲ. ನಾಯಿ ಕಾಲಿಗೆ ಮುಳ್ಳು ಹೊಕ್ಕಿದೆ," ಅಂದೆ.

ಮನೆಯಲ್ಲಿ ಫುಮಿಯೆಗೆ ಹೇಳಿದೆ. ಕೆಂಡಕ್ಕೆ ಕೈ ಕಾಯಿಸುತ್ತ ಅಂದಳು: "ಹೆದ್ರಿಕೆ ಆದ್ರೆ ತಪ್ಪಾ? ಏಣಿಯಿಂದ ಬಿದ್ದ ಮೇಲೆ ನೀನು ಆ ಕಾಕಿ ಹಣ್ಣಿನ ಮರ ಹತ್ತಿದ್ದೀಯಾ? ನಿನ್ನನ್ನ ನಾನೇನಾದ್ರೂ ಕಟ್ಟಾಕಿದ್ನಾ?"

ಫೆಬ್ರವರಿ ೯.

ಬಹಳ ದಿನ ಬರೆಯಲಿಲ್ಲ. ಹಿಮ. ಬೇಟೆಯೂ ಇರಲಿಲ್ಲ. ಸುಖವಾಗಿದ್ದೆ.

ಇವತ್ತು ದೊಡ್ಡ ಹಂದಿಯೊಂದು ಊರೊಳಗೇ ಬಂದಿದೆ. ಬಿತ್ತನೆಗೆಂದು ಮಣ್ಣಲ್ಲಿ ಹೂತಿಟ್ಟ ಗೆಣಸೆಲ್ಲ ಬಗೆದು ತಿಂದಿದೆ. ಗದ್ದೆಯ ಕಲ್ಲುಕಟ್ಟೆ ಮೂರು ಕಡೆ ಜಾರಿದೆ. ಎಲ್ಲರೂ ಒಕುನಿಶಿಯ ಅಂಗಳದಲ್ಲಿ.

"ಭಾನುವಾರ ಹೋಗೋಣ. ಏಕಿಚಿ, ಎರಡೂ ನಾಯಿ ತಾ."

"ಕೊಯುಕಿ..."

"ತೆಟ್ಸು ಒಂಟಿ ಹೋದ್ರೆ ಕರುಳು ಕೈಗೆ ಬರ್ತದೆ. ಅಕ್ಕ ಕೊಯುಕಿ ಜೊತೇಲಿದ್ರೆ ಹುಡುಗ ಉಳೀತಾನೆ. ಮೇಕೆ ನೋಡೋಕೆ ಹೋದ್ರೆ, ಅವತ್ತೇ ಕೊನೆ."

ಒಪ್ಪಿದೆ. ಫುಮಿಯೆ ಊಟಕ್ಕೆ ಕರೆಯಲಿಲ್ಲ. ತಟ್ಟೆ ಇಟ್ಟು ಎದ್ದುಹೋದಳು.

ಫೆಬ್ರವರಿ ೧೭.

ಬರೆಯಬೇಕು. ಇಲ್ಲದಿದ್ದರೆ ಬೇರೆ ಥರ ನೆನಪಿಟ್ಟುಕೊಳ್ಳುತ್ತೇನೆ.

ಭಾನುವಾರ. ಮಂಜು. ಬಿಟ್ಟ ಸ್ವಲ್ಪ ಹೊತ್ತಿಗೇ ನಾಯಿಗಳು ಬೇರೆಯಾದವು. ಫೋನಿನಲ್ಲಿ ಎರಡೂ ಚುಕ್ಕೆ ನಿಂತವು. ತೆಟ್ಸು ಕೆಳಗೆ, ಹಳ್ಳದಲ್ಲಿ. ಕೊಯುಕಿ ಮೇಲೆ, ಕಾಗೆಬಂಡೆಯಲ್ಲಿ. ಎರಡೂ ಕಡೆ ಸದ್ದಿಲ್ಲ.

ರೇಡಿಯೋದಲ್ಲಿ ಮಿನೊರು: "ಅಣ್ಣಾ, ನಿನ್ ಮಗಳು ಟೀಗೆ ಹೋದ್ಲು ನೋಡು."

ಒಕುನಿಶಿ: "ನಾನ್ ಹೇಳ್ಲಿಲ್ವಾ. ಎಲ್ಲ ಕೆಳಗೆ ಬನ್ನಿ. ಹಳ್ಳಕ್ಕೆ!"

ಕೆಳಗೆ ಓಡಿದೆ. ಒಮ್ಮೆ ನಿಂತು ಮೇಲೆ ನೋಡಿದೆ, ಅದು ನಿಜ. ಮಂಜು ಬಿಟ್ಟರೆ ಏನಿಲ್ಲ. ಮನಸ್ಸಿನಲ್ಲಿ ಅವಳನ್ನು ಬೈದೆ, ಅದೂ ನಿಜ. ಇವತ್ತೊಂದು ದಿನ ಮಾನ ಉಳಿಸಬಾರದಿತ್ತೇ ಎಂದು.

ಹಳ್ಳದಲ್ಲಿ ತೆಟ್ಸು ಒಂದು ಬಿಲಕ್ಕೆ ಮೂತಿ ತುರುಕಿ ನಿಂತಿದ್ದ. ಬಾಲ ಆಡಿಸುತ್ತಿದ್ದ. ಒಳಗೆ ತಾನುಕಿ.

ಫೋನು ನೋಡಿದೆ. ಮೇಲಿನ ಚುಕ್ಕೆ ಇನ್ನೂ ಅಲ್ಲೇ.

ಹತ್ತಿದಾಗ ಬಂಡೆ ಖಾಲಿ. ಹಿಮದ ಮೇಲೆ ರಕ್ತ. ಹಂದಿಯ ಗೊರಸು ಸುತ್ತಿ ಸುತ್ತಿ ನೆಲ ಉತ್ತಂತಾಗಿತ್ತು. ಮೇಕೆಯ ಗೊರಸಿನ ಸಾಲೊಂದು ಮೇಲಕ್ಕೆ ಹೋಗಿತ್ತು, ಓಡಿದ ಹಾಗೆ. ಅದೇ ದಾರಿಯಲ್ಲಿ ಕೊಯುಕಿಯೂ ಓಡಬಹುದಿತ್ತು. ಓಡಿಲ್ಲ. ಅವಳ ಪಂಜದ ಗುರುತೆಲ್ಲ ಒಂದೇ ಕಡೆ, ಊರಿ ಊರಿ ನಿಂತದ್ದು. ಬಂಡೆಯಂಚಿನವರೆಗೆ ಎಳೆದ ಗೆರೆ. ಓಕ್ ಬೇರಿಗೆ ಸಿಕ್ಕಿ ಹರಿದ ಕಾಲರ್ ನೇತಾಡುತ್ತಿತ್ತು. ಕೆಳಗೆ ಹೊಳೆ, ಹಿಮ ಕರಗಿದ ನೀರು.

ಹಿಡಿದುಕೊಂಡು ಕಾದಿದ್ದಾಳೆ. ನಾನು ಬರುತ್ತೇನೆಂದು.

ಫೆಬ್ರವರಿ ೧೮.

ಮಿನೊರುವಿಗೆ ಹಂದಿ ಸಿಕ್ಕಿತು. ಹೊಳೆಯ ತಿರುವಿನಲ್ಲಿ, ಬಂಡೆಗಳ ನಡುವೆ, ಕತ್ತು ಮುರಿದು. ದೊಡ್ಡದು. ಎಡಕಿವಿಯಿಂದ ದವಡೆಯವರೆಗೆ ಹಲ್ಲಿನ ಗುರುತು. ಕೊಯುಕಿ ಸಿಗಲಿಲ್ಲ.

ಮಾಂಸ ಯಾರೂ ಮುಟ್ಟಲಿಲ್ಲ. ಒಕುನಿಶಿ ಹೃದಯ ಮಾತ್ರ ತೆಗೆದ. ಒಂದು ಚೂರು ಕಡ್ಡಿಗೆ ಸಿಕ್ಕಿಸಿ ಬೆಟ್ಟದ ದೇವರಿಗೆ. ಇನ್ನೊಂದು ಚೂರು ಮೊದಲು ಹಿಡಿದ ನಾಯಿಗೆ — ನಮ್ಮಲ್ಲಿ ಮೊದಲಿನಿಂದಲೂ ಹಾಗೇ. ತೆಟ್ಸು ಬಾಲ ಆಡಿಸಿ ಮುಂದೆ ಬಂದ. ಮಿನೊರು ಅವನ ಕತ್ತು ಹಿಡಿದು ಹಿಂದಕ್ಕೆಳೆದ. "ನಿಂದಲ್ಲ ಕಣೋ," ಅಂದ.

ಒಕುನಿಶಿ ಆ ಚೂರನ್ನು ಎಲೆಯಲ್ಲಿ ಸುತ್ತಿ ನನ್ನ ಕೈಗಿಟ್ಟ. ಎರಡೂ ಕೈಯಲ್ಲಿ ಕೊಟ್ಟ. ತಲೆ ಬಗ್ಗಿಸಿದವನು ಬಹಳ ಹೊತ್ತು ಎತ್ತಲಿಲ್ಲ.

ಫೆಬ್ರವರಿ ೧೯.

ನಾಯಿ ಕಳೆದ ಜಾಗದಲ್ಲಿ ಯಜಮಾನ ಉಟ್ಟ ಬಟ್ಟೆ ಬಿಡಬೇಕು. ಬದುಕಿದ್ದರೆ ವಾಸನೆ ಹಿಡಿದು ಬಂದು ಅದರ ಮೇಲೆ ಮಲಗುತ್ತದೆ. ನನ್ನ ಹಳೆಯ ಜಾಕೆಟ್ ಒಯ್ದು ಕಾಗೆಬಂಡೆಯ ಮೇಲೆ ಹಾಸಿದೆ. ಹೃದಯದ ಚೂರನ್ನು ಪಕ್ಕಕ್ಕಿಟ್ಟೆ.

ಫುಮಿಯೆ ಕೇಳಿದಳು: "ಆ ನೀರಿಗೆ ಬಿದ್ದದ್ದು ವಾಪಸ್ ಬರ್ತದಾ?"

"ಬರಲ್ಲ."

"ಮತ್ತೆ ಚಳೀಲಿ ಜಾಕೆಟ್ ಯಾಕೆ ಬಿಟ್ಟು ಬಂದೆ?" ಅಂದಳು. ಒಲೆಗೆ ಕಟ್ಟಿಗೆ ತುರುಕುತ್ತ, "ನಂದೂ ಒಂದ್ ಶಾಲು ಒಯ್ಯಬೇಕಿತ್ತು. ಗಂಜಿ ಹಾಕಿದ್ದು ನಾನೂ ತಾನೇ," ಅಂದಳು.

ಫೆಬ್ರವರಿ ೨೧. ಮಧ್ಯಾಹ್ನ.

ಬಂಡೆ ಹತ್ತುವಾಗಲೇ ಕಂಡಿತು. ಜಾಕೆಟ್ಟಿನ ನಡುವೆ ಗುಂಡಗೆ ತಗ್ಗು. ಯಾರೋ ಮಲಗಿ ಎದ್ದಿದ್ದಾರೆ. ಸುತ್ತ ಹಿಮ, ಅಲ್ಲಿ ಮಾತ್ರ ಇಲ್ಲ. ಕೈಯಿಟ್ಟೆ — ಬೆಚ್ಚಗೆ. ನಿಜವಾಗಿ ಬೆಚ್ಚಗೆ! ಹೆಸರು ಹಿಡಿದು ಕೂಗಿದೆ. ಕಣಿವೆಯೆಲ್ಲ ಕೂಗಿತು. ಮತ್ತೆ ಕೂಗಿದೆ.

ಆಮೇಲೆ ನೋಡಿದೆ. ಹೃದಯದ ಚೂರು ಇಟ್ಟಲ್ಲೇ ಇದೆ. ಹೆಪ್ಪುಗಟ್ಟಿದೆ. ಮಲಗಿದ್ದು ಮಾಂಸ ತಿನ್ನುವ ಪ್ರಾಣಿಯಲ್ಲ.

ಬಟ್ಟೆಯಿಂದ ಕೂದಲು ಬಿಡಿಸಿಕೊಂಡೆ. ಬೂದು. ಉದ್ದ. ಒರಟು.

ಮೇಕೆ ಮೇಲಿನ ಪೊದೆಯ ಬಳಿ ನಿಂತು ನನ್ನನ್ನೇ ನೋಡುತ್ತಿತ್ತು. ಕೊಯುಕಿ ಕೂರುತ್ತಿದ್ದ ಜಾಗದಲ್ಲಿ ನಾನು ಕೂತೆ. ಅದು ಹೋಗಲಿಲ್ಲ. ನಾನೂ ಬಹಳ ಹೊತ್ತು ಏಳಲಿಲ್ಲ.

ಫೆಬ್ರವರಿ ೨೬. ಬೆಳಿಗ್ಗೆ.

ಬಿಸಿಲು. ಜಾಕೆಟ್ ಇನ್ನೂ ಮೇಲೇ ಇದೆ. ತರಲು ಮನಸ್ಸಿಲ್ಲ. ಮಲಗುವವರು ಮಲಗಲಿ.

ಇಷ್ಟು ದಿನ ಅಷ್ಟಿಷ್ಟು ತಿನ್ನುತ್ತಿದ್ದ ತೆಟ್ಸು ಮೂರು ದಿನದಿಂದ ತನ್ನ ಬೋಗುಣಿಯನ್ನೇ ಮುಟ್ಟುತ್ತಿಲ್ಲ. ಮುಂದೆ ಕೂತು ಕಾಯುತ್ತಾನೆ. ಕೊಯುಕಿ ಮೊದಲು ತಿನ್ನಬೇಕು, ತಳದಲ್ಲಿ ಬಿಡಬೇಕು — ಅದು ಅವನಿಗೆ ಗೊತ್ತಿರುವ ಕ್ರಮ. ಫುಮಿಯೆ ಗದರಿದಳು, ಮುದ್ದು ಮಾಡಿದಳು, ಕೈಯಲ್ಲಿ ತಿನ್ನಿಸಲು ನೋಡಿದಳು. ಇಲ್ಲ.

ಈಗ ಒಲೆಯ ಬಳಿಯಿಂದ ಕೇಳುತ್ತಿದ್ದಾಳೆ: "ಹೇಳು, ಎಷ್ಟು ಬೋಗುಣಿ ತೊಳೀಲಿ?"

ಎರಡು, ಅಂದೆ. ಮೊದಲು ಅವಳದ್ದು ತುಂಬು. ಆಮೇಲೆ ತಳದಲ್ಲಿ ಸ್ವಲ್ಪ ಬಿಟ್ಟು ಮಿಕ್ಕಿದ್ದನ್ನು ತೆಟ್ಸುವಿನ ಬೋಗುಣಿಗೆ ಸುರಿ.